ಮೋಟರ್ ಎತ್ತಿಸುವ ಮೊದಲು ಫ್ಯೂಸ್ ನೋಡಿ: ಆನ್ ಆಗದ ಹೊಸ ಕಂಪ್ಯೂಟರ್ ಬಗ್ಗೆ ನಮ್ಮ ಮಾತು

ಬೋರ್‌ವೆಲ್ ಮೋಟರ್ ಓಡದಿದ್ದರೆ ನಮ್ಮ ಕಡೆ ಯಾವ ರೈತರೂ ಮೊದಲೇ ಮೋಟರ್ ಎತ್ತಿಸಲು ಗಾಡಿ ಕರೆಸುವುದಿಲ್ಲ. ಮೊದಲು ಕರೆಂಟ್ ಇದೆಯಾ ನೋಡುತ್ತಾರೆ. ಮೂರೂ ಫೇಸ್ ಬರುತ್ತಿದೆಯಾ ನೋಡುತ್ತಾರೆ. ಆಮೇಲೆ ಫ್ಯೂಸು, ಸ್ಟಾರ್ಟರು, ಕೇಬಲ್ ಜಾಯಿಂಟು. ಇಷ್ಟನ್ನೂ ನೋಡಿ, ಎಲ್ಲ ಸರಿಯಿದೆ ಎಂದು ಗೊತ್ತಾದ ಮೇಲೆಯೇ ಮೋಟರ್ ಎತ್ತಿಸುವ ಮಾತು. ಯಾಕೆಂದರೆ ಎತ್ತಿಸಲು ದುಡ್ಡು ಬೇಕು, ಫ್ಯೂಸ್ ನೋಡಲು ಬೇಡ.

ಅದೇ ಮನೆಯಲ್ಲಿ ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಆಗದಿದ್ದರೆ ಏನಾಗುತ್ತದೆ? ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಡಬ್ಬಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿಗೆ ಹತ್ತಿಸುತ್ತಾರೆ. ತಾಲೂಕಿನ ಅಂಗಡಿಯಲ್ಲಿ "ಬೋರ್ಡ್ ಹೋಗಿದೆ" ಎಂದರೆ ಹೋಗಿದೆ, "ನಾಳೆ ಬನ್ನಿ" ಎಂದರೆ ನಾಳೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಆಗದಿದ್ದಾಗ ಬಹಳ ಸಲ ಅದರಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಎಲ್ಲೋ ಒಂದು ತಂತಿ ಸರಿಯಾಗಿ ಕೂತಿರುವುದಿಲ್ಲ, ಅಥವಾ ಒಂದು ಭಾಗಕ್ಕೂ ಇನ್ನೊಂದಕ್ಕೂ ಹೊಂದಿಕೆ ಆಗಿರುವುದಿಲ್ಲ. ಅದನ್ನು ಹುಡುಕಲು ಒಂದು ಕ್ರಮ ಇದೆ. ಆ ಕ್ರಮ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಹೊಸದೇನಲ್ಲ. ನಮ್ಮ ಮಕ್ಕಳಿಗೆ ಆ ಕ್ರಮ ಕಲಿಸದೆ, ಬರೀ ವರ್ಡ್, ಎಕ್ಸೆಲ್ ಕಲಿಸಿ ಸರ್ಟಿಫಿಕೇಟ್ ಕೊಡುತ್ತಿರುವುದು ಅರ್ಧ ಕಲಿಕೆ.

ನಮ್ಮ ಬಳಗದಲ್ಲಿ ಇರುವವರೆಲ್ಲ ಪತ್ರಿಕೋದ್ಯಮ ಓದಿದವರು, ಎಂಜಿನಿಯರ್ ಒಬ್ಬರೂ ಇಲ್ಲ. ವಿಡಿಯೋ ಎಡಿಟಿಂಗ್‌ಗೆ ಬೇಕಾದ ಮಷೀನನ್ನು ನಾವೇ ಜೋಡಿಸಿಕೊಳ್ಳುತ್ತೇವೆ. ಹಾಗಾಗಿ ಇಲ್ಲಿ ಹೇಳುವುದು ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಿಗೂ ಆಗುವ ಕೆಲಸ.

ಇದು ಹಳ್ಳಿಗೆ ಯಾಕೆ ಬೇಕು?

"ಲ್ಯಾಪ್‌ಟಾಪ್ ತಗೊಂಡರೆ ಆಯ್ತಲ್ಲ, ಇದೆಲ್ಲ ಯಾಕೆ?" ಎಂದು ಕೇಳುವವರಿದ್ದಾರೆ. ಪತ್ರ ಬರೆಯಲು, ಅರ್ಜಿ ತುಂಬಲು ಮಾತ್ರ ಬೇಕಾದವರಿಗೆ ಆ ಮಾತು ಸರಿ. ಮದುವೆ ವಿಡಿಯೋ ಮಾಡುವವರು, ಡಿಟಿಪಿ ಅಂಗಡಿ ಇಟ್ಟವರು, ಯೂಟ್ಯೂಬ್ ನಡೆಸುವವರಿಗೆ ಲೆಕ್ಕ ಬೇರೆ. ಬಿಡಿಭಾಗ ತಂದು ಜೋಡಿಸಿದ ಮಷೀನಿನಲ್ಲಿ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಮುಂದಿನ ವರ್ಷ ದುಡ್ಡು ಬಂದಾಗ ಇನ್ನೊಂದು ರ‍್ಯಾಮ್ ಸೇರಿಸಬಹುದು. ಹಳೇ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳಬಹುದು.

ಅದಕ್ಕೇ ಯುವಕರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಇಲ್ಲವೇ ಆನ್‌ಲೈನ್‌ನಲ್ಲಿ ಪಾರ್ಟ್ಸ್ ತರಿಸಿ, ವಿಡಿಯೋ ನೋಡಿಕೊಂಡು ಜೋಡಿಸುತ್ತಿದ್ದಾರೆ. ಜೋಡಿಸುವುದು ಹೇಗೆ ಎಂದು ಹೇಳುವ ವಿಡಿಯೋಗಳಿಗೆ ಬರವಿಲ್ಲ. ಅವುಗಳ ಕೊನೆಯಲ್ಲಿ ಬಟನ್ ಒತ್ತಿದ ತಕ್ಷಣ ಬಣ್ಣದ ಲೈಟು ಹತ್ತುತ್ತದೆ, ಪರದೆ ಬರುತ್ತದೆ. ಬರದಿದ್ದರೆ ಏನು ಮಾಡಬೇಕು ಎನ್ನುವ ಹೊತ್ತಿಗೆ ವಿಡಿಯೋ ಮುಗಿದಿರುತ್ತದೆ.

ನಗರದವರಿಗೆ ಅಂಗಡಿ ಎರಡು ಬೀದಿ ಆಚೆ. ನಮಗೆ ಒಂದು ದಿನದ ಕೂಲಿ, ಬಸ್ ಚಾರ್ಜು, ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕುವ ಡಬ್ಬಿ. ಅಂಗಡಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಲು ಬಾರದಿದ್ದರೆ ಮತ್ತೊಂದು ದಿನ. ಗೊತ್ತಿಲ್ಲದಿರುವುದಕ್ಕೆ ಹಳ್ಳಿ ಯಾವಾಗಲೂ ಹೆಚ್ಚು ಬೆಲೆ ಕೊಡುತ್ತದೆ.

"ಆನ್ ಆಗ್ತಿಲ್ಲ" ಎನ್ನುವುದು ಮೂರು ಬೇರೆ ಕಾಯಿಲೆ

ಡಾಕ್ಟರ ಹತ್ತಿರ ಹೋಗಿ "ಹುಷಾರಿಲ್ಲ" ಎಂದಷ್ಟೇ ಹೇಳಿದರೆ ಅವರಿಗೆ ಏನು ತಿಳಿದೀತು? ಜ್ವರವೋ, ಹೊಟ್ಟೆನೋವೋ ಹೇಳಬೇಕು. ಕಂಪ್ಯೂಟರಿಗೂ ಹಾಗೆಯೇ. ಬಟನ್ ಒತ್ತಿದಾಗ ಏನಾಗುತ್ತದೆ ಎಂದು ಮೊದಲು ಸರಿಯಾಗಿ ನೋಡಿ.

ಒಂದು: ಏನೂ ಆಗುವುದಿಲ್ಲ. ಫ್ಯಾನ್ ಇಲ್ಲ, ಲೈಟ್ ಇಲ್ಲ, ಸದ್ದಿಲ್ಲ.

ಎರಡು: ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ. ಆದರೆ ಪರದೆ ಕಪ್ಪು.

ಮೂರು: ಪರದೆಯಲ್ಲಿ ಕಂಪನಿಯ ಗುರುತೋ ಅಕ್ಷರಗಳೋ ಬರುತ್ತವೆ. ಆದರೆ ವಿಂಡೋಸ್ ಬರುವುದಿಲ್ಲ.

ಈ ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ. ಯಾವ ಹಂತದಲ್ಲಿ ನಿಂತಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಹೀಗೆ ಹಂತಹಂತವಾಗಿ ಹುಡುಕಲು ಒಂದು ಕಾರಣವಿದೆ. ಕಂಪ್ಯೂಟರ್ ಪ್ರತಿ ಸಲ ಎದ್ದಾಗಲೂ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಪ್ರೊಸೆಸರ್ ಇದೆಯಾ, ರ‍್ಯಾಮ್ ಇದೆಯಾ, ಚಿತ್ರ ಕೊಡುವ ಭಾಗ ಇದೆಯಾ ಎಂದು ಒಂದೊಂದಾಗಿ ನೋಡುತ್ತದೆ. ಇದಕ್ಕೆ ಪೋಸ್ಟ್ ಎನ್ನುತ್ತಾರೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲೂ ಇದು ಇತ್ತು, ಎಲ್ಲ ಸರಿಯಿದ್ದರೆ ಒಂದು ಸಣ್ಣ 'ಬೀಪ್' ಸದ್ದು ಬರುತ್ತಿತ್ತು. ಮಷೀನ್ ಎಲ್ಲಿ ನಿಂತಿತೋ ಅಲ್ಲೇ ನಮ್ಮ ಹುಡುಕಾಟ ಶುರುವಾಗಬೇಕು.

ಇನ್ನೊಂದು ಮಾತು. ನಮ್ಮ ಕಡೆ ಇಡೀ ಡಬ್ಬಿಗೇ 'ಸಿಪಿಯು' ಎನ್ನುವುದು ರೂಢಿ. ನಿಜವಾಗಿ ಸಿಪಿಯು ಎಂದರೆ ಒಳಗಿರುವ ಪ್ರೊಸೆಸರ್, ಬಿಸ್ಕತ್ತಿಗಿಂತ ಚಿಕ್ಕ ಚೌಕ. ಅಂಗಡಿಯವರಿಗೆ ಫೋನಿನಲ್ಲಿ "ಸಿಪಿಯು ಹೋಗಿದೆ" ಎಂದರೆ ಅರ್ಥವೇ ಬದಲಾಗುತ್ತದೆ. ಡಬ್ಬಿಯನ್ನು ಕ್ಯಾಬಿನೆಟ್ ಎನ್ನಿ.

ಜೀವವೇ ಇಲ್ಲದಿದ್ದರೆ

ಗೋಡೆಯಿಂದ ಶುರು ಮಾಡಿ. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ, ಕರೆಂಟ್ ಬರುತ್ತಿದೆಯಾ ನೋಡಿ. ಯುಪಿಎಸ್ ಅಥವಾ ಸ್ಟೆಬಿಲೈಸರ್ ಇದ್ದರೆ ಒಂದು ಸಲ ಅದನ್ನು ಬಿಟ್ಟು ನೇರ ಸಾಕೆಟ್ಟಿಗೆ ಹಾಕಿ. ಎಸ್‌ಎಂಪಿಎಸ್ ಹಿಂಭಾಗದಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಗೆರೆ, ಒಂದು ಕಡೆ ಸೊನ್ನೆ. ಗೆರೆ ಇರುವ ಕಡೆ ಒತ್ತಿರಬೇಕು. ನಗಬೇಡಿ, ಈ ಸ್ವಿಚ್ಚು ಎಷ್ಟೋ ಕಂಪ್ಯೂಟರುಗಳಿಗೆ ಬಸ್ ಪ್ರಯಾಣ ಮಾಡಿಸಿದೆ.

ಮುಂದಿನದು ಕ್ಯಾಬಿನೆಟ್ಟಿನ ಪವರ್ ಬಟನ್. ಈ ಬಟನ್ ಮನೆಯ ಲೈಟ್ ಸ್ವಿಚ್ಚಿನಂತೆ ಕರೆಂಟನ್ನು ನೇರವಾಗಿ ಬಿಡುವುದಿಲ್ಲ. ಅದು ಬೋರ್ಡಿಗೆ "ಏಳು" ಎಂದು ಹೇಳುತ್ತದೆ ಅಷ್ಟೇ. ಬೋರ್ಡ್ ಆಮೇಲೆ ಎಸ್‌ಎಂಪಿಎಸ್‌ಗೆ ಹೇಳುತ್ತದೆ. ಬಟನ್‌ನಿಂದ ಬರುವ ಎರಡು ಎಳೆಯ ತೆಳು ತಂತಿ ಬೋರ್ಡಿನ ಮೂಲೆಯ ಪುಟ್ಟ ಪಿನ್ನುಗಳಿಗೆ ಕೂರಬೇಕು. ಒಂದು ಪಿನ್ ಆಚೀಚೆ ಆದರೂ ಏನೂ ಆಗುವುದಿಲ್ಲ. ಬೋರ್ಡಿನ ಪುಸ್ತಕದಲ್ಲಿ ಚಿತ್ರ ಇರುತ್ತದೆ, ಅದನ್ನು ನೋಡಿ. ಬಟನ್ನಿನ ಮೇಲೇ ಅನುಮಾನ ಇದ್ದರೆ ಆ ತಂತಿ ತೆಗೆದು, ಪವರ್ ಸ್ವಿಚ್ಚಿನ ಎರಡು ಪಿನ್ನುಗಳಿಗೆ ಮಾತ್ರ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಅಲ್ಲಿರುವುದು ಟಾರ್ಚ್ ಸೆಲ್ಲಿನಷ್ಟು ಸಣ್ಣ ವೋಲ್ಟೇಜು, ಶಾಕ್ ಹೊಡೆಯುವುದಿಲ್ಲ. ಮಷೀನ್ ಎದ್ದರೆ ತೊಂದರೆ ಬಟನ್ನಿನದು.

ಎದ್ದಿಲ್ಲವೇ? ಬೋರ್ಡಿನ ಬಲ ಅಂಚಿನಲ್ಲಿರುವ 24 ಪಿನ್ನಿನ ದೊಡ್ಡ ಕನೆಕ್ಟರ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಹೊಸದು ಬಿಗಿ ಇರುತ್ತದೆ. ಕೊಕ್ಕೆ 'ಟಕ್' ಎನ್ನುವವರೆಗೆ ಒತ್ತಬೇಕು.

ಫ್ಯಾನ್ ಒಂದು ಕ್ಷಣ ಅಲುಗಾಡಿ ನಿಂತುಬಿಟ್ಟರೆ ಎಲ್ಲೋ ಶಾರ್ಟ್ ಆಗುತ್ತಿರಬಹುದು. ಬೋರ್ಡಿನ ಕೆಳಗೆ ಹಿತ್ತಾಳೆಯ ಸಣ್ಣ ಕಾಲುಗಳು ಇರುತ್ತವೆ. ಬೋರ್ಡಿನಲ್ಲಿ ತೂತು ಇಲ್ಲದ ಕಡೆ ಒಂದು ಕಾಲು ಉಳಿದಿದ್ದರೆ ಅದು ಬೋರ್ಡಿನ ಬೆನ್ನಿಗೆ ತಾಗುತ್ತದೆ. ಬಿದ್ದುಹೋದ ಒಂದು ಸ್ಕ್ರೂ ಒಳಗೇ ಉಳಿದರೂ ಅದೇ ಗತಿ. ಶಾರ್ಟ್ ಆದಾಗ ಎಸ್‌ಎಂಪಿಎಸ್ ತಾನೇ ಬಂದ್ ಆಗುವುದು ಒಳ್ಳೆಯ ಗುಣ, ನಮ್ಮ ಎಂಸಿಬಿ ಬೀಳುವ ಹಾಗೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಹೊಸ ಕಂಪ್ಯೂಟರಿನಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. "ಬೋರ್ಡ್ ಹೋಗಿದೆ" ಎನ್ನುವ ತೀರ್ಪು ಹುಟ್ಟುವುದೂ ಇಲ್ಲೇ. ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಮೊದಲು ಮಾನಿಟರ್ ಕೇಬಲ್. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಬೋರ್ಡಿನ ಕಿಂಡಿಗಲ್ಲ. ಕಾರ್ಡ್ ಹಾಕಿಲ್ಲವೇ? ಹಾಗಿದ್ದರೆ ನಿಮ್ಮ ಪ್ರೊಸೆಸರಿಗೆ ಚಿತ್ರ ಕೊಡುವ ಶಕ್ತಿ ಇದೆಯಾ ನೋಡಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇದ್ದರೆ, ಉದಾಹರಣೆಗೆ ಐ3-12100ಎಫ್, ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಎಎಂಡಿಯ ರೈಜೆನ್ 5 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಒಂದು ಅಕ್ಷರದ ವ್ಯತ್ಯಾಸ. ಕಾರ್ಡ್ ಇಲ್ಲದೆ ಇಂಥ ಪ್ರೊಸೆಸರ್ ತಂದರೆ ಬ್ರಹ್ಮ ಬಂದರೂ ಪರದೆ ಹತ್ತುವುದಿಲ್ಲ, ಆದರೆ ಯಾವುದೂ ಕೆಟ್ಟಿರುವುದೂ ಇಲ್ಲ. ಕಡಿಮೆ ಬೆಲೆ ನೋಡಿ 'ಎಫ್' ತರುವ ಮುಂಚೆ ಇದನ್ನು ಯೋಚಿಸಬೇಕು.

ಎರಡನೆಯದು ಪ್ರೊಸೆಸರಿಗೆ ಹೋಗುವ ಪ್ರತ್ಯೇಕ ಕರೆಂಟು. 24 ಪಿನ್ ಕನೆಕ್ಟರ್ ಹಾಕಿದ ಮೇಲೆ ಮುಗಿಯಿತು ಎಂದುಕೊಳ್ಳುತ್ತೇವೆ. ಬೋರ್ಡಿನ ಮೇಲ್ಭಾಗದ ಎಡಮೂಲೆಯಲ್ಲಿ ಇನ್ನೊಂದು ಕಿಂಡಿ ಇರುತ್ತದೆ, 8 ಪಿನ್ನಿನದು, ಕೆಲವದರಲ್ಲಿ 4 ಪಿನ್. ಅದನ್ನು ಹಾಕದಿದ್ದರೂ ಫ್ಯಾನ್ ತಿರುಗುತ್ತದೆ, ಲೈಟ್ ಹತ್ತುತ್ತದೆ. ಪ್ರೊಸೆಸರ್ ಮಾತ್ರ ಏಳುವುದಿಲ್ಲ.

ಪಕ್ಕದ ಹೋಬಳಿಯ ಒಬ್ಬ ಫೋಟೋಗ್ರಾಫರ್ ಹುಡುಗನ ಮಷೀನಿಗೆ ಹೀಗೇ ಆಗಿತ್ತು. ಅವನ ಅಮ್ಮ ಸಂಘದಲ್ಲಿ ಸಾಲ ತೆಗೆದು ಕೊಟ್ಟಿದ್ದರು. ಮದುವೆ ಸೀಸನ್, ಎರಡು ಮನೆಯಿಂದ ಅಡ್ವಾನ್ಸ್ ಪಡೆದಿದ್ದ. ಒಂದು ಅಂಗಡಿಯಲ್ಲಿ ಡಬ್ಬಿ ಬಿಚ್ಚದೆಯೇ "ಬೋರ್ಡ್ ಬದಲಿಸಬೇಕು" ಎಂದಿದ್ದರು. ಮನೆಗೆ ವಾಪಸ್ ತಂದಿಟ್ಟಾಗ ನೋಡಲು ಬಂದ ಮೋಟರ್ ವೈಂಡಿಂಗ್ ಮಾಡುವ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಈ ಮೂಲೇಲಿ ತೂತು ಖಾಲಿ ಐತಲ್ಲಪ್ಪ, ಇದಕ್ಕೇನೂ ಬರಲ್ವಾ?" ಎಸ್‌ಎಂಪಿಎಸ್ ತಂತಿಗಳ ಗಂಟಿನಲ್ಲಿ ಅದರ ಕೇಬಲ್ ಹಾಗೇ ಕೂತಿತ್ತು. ಆ ಹಿರಿಯರಿಗೆ ಕಂಪ್ಯೂಟರ್ ಗೊತ್ತಿಲ್ಲ. ಖಾಲಿ ಇರುವ ಕಡೆ ಕಣ್ಣು ಹಾಯಿಸುವುದು ಗೊತ್ತು.

ಇಲ್ಲಿ ಒಂದು ಎಚ್ಚರಿಕೆ. ಗ್ರಾಫಿಕ್ಸ್ ಕಾರ್ಡಿನ ಕೇಬಲ್ಲೂ 8 ಪಿನ್ನಿನದೇ, ನೋಡಲು ಒಂದೇ ಥರ. ಪ್ರೊಸೆಸರಿನದು ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಕೂರದಿದ್ದರೆ ಬಲ ಹಾಕಬೇಡಿ. ಕೇಬಲ್ ಬಿಚ್ಚಿ ಹಾಕುವ ಎಸ್‌ಎಂಪಿಎಸ್ ಆಗಿದ್ದರೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ತಂದು ಸಿಕ್ಕಿಸಲೇಬೇಡಿ. ತುದಿ ಕೂತರೂ ಒಳಗಿನ ತಂತಿಗಳ ಜೋಡಣೆ ಬೇರೆ ಇರಬಹುದು, ಪಾರ್ಟ್ಸ್ ಸುಡುತ್ತವೆ.

ಮೂರನೆಯದು ರ‍್ಯಾಮ್. ಹೊಸ ರ‍್ಯಾಮ್ ಕೂರಿಸಲು ಹೆದರಿಕೆ ಆಗುವಷ್ಟು ಒತ್ತಬೇಕಾಗುತ್ತದೆ. ಎರಡೂ ತುದಿ ಸಮವಾಗಿ ಕೂತು ಕೊಕ್ಕೆ ಬೀಳಬೇಕು. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಒಂದೇ ರ‍್ಯಾಮ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟಿಗೆ ಹಾಕಬೇಕು, ಎರಡು ಇದ್ದರೆ ಎರಡು ಮತ್ತು ನಾಲ್ಕಕ್ಕೆ. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಕೂರುವುದಿಲ್ಲ, ನಡುವಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ. ಎರಡು ರ‍್ಯಾಮ್ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನು.

ನಾಲ್ಕನೆಯದು ತಾಳ್ಮೆ. ಎಎಂಡಿಯ ಎಎಂ5 ಬೋರ್ಡುಗಳು 2022ರಿಂದ ಬರುತ್ತಿವೆ. ಡಿಡಿಆರ್5 ಹಾಕಿದ ಇಂಥ ಬೋರ್ಡುಗಳು ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಜೊತೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಅಷ್ಟು ಹೊತ್ತೂ ಪರದೆ ಕಪ್ಪು. ಗೊತ್ತಿಲ್ಲದವರು ಅರ್ಧ ನಿಮಿಷಕ್ಕೇ ಆಫ್ ಮಾಡುತ್ತಾರೆ, ಅದು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಆನ್ ಮಾಡಿ, ಒಂದು ಕಾಫಿ ಕುಡಿದು ಬನ್ನಿ.

ಐದನೆಯದು ಬೋರ್ಡಿನ ಒಳಗಿರುವ ಬಯಾಸ್ ಎನ್ನುವ ಸಣ್ಣ ಪ್ರೋಗ್ರಾಂ. ಬೋರ್ಡ್ ಹಳೇ ಸ್ಟಾಕಿನದಾಗಿ ಪ್ರೊಸೆಸರ್ ಹೊಸದಾದರೆ ಬೋರ್ಡಿಗೆ ಅದರ ಗುರುತೇ ಸಿಗುವುದಿಲ್ಲ. 2018ರಲ್ಲಿ ಬಂದ ಬಿ450 ಬೋರ್ಡುಗಳಿಗೆ 2020ರ ಕೊನೆಯಲ್ಲಿ ಬಂದ ರೈಜೆನ್ 5000 ಸರಣಿ ಹಾಕಿದಾಗ ಹೀಗಾಗುತ್ತಿತ್ತು. ಇಂಟೆಲ್‌ನ ಬಿ660, ಎಚ್610 ಬೋರ್ಡುಗಳಿಗೆ 13ನೇ ತಲೆಮಾರಿನ ಪ್ರೊಸೆಸರ್ ಹಾಕಿದಾಗಲೂ ಇದೇ ಕಥೆ. ಇದು ಎಷ್ಟು ಸಾಮಾನ್ಯವಾಗಿತ್ತು ಎಂದರೆ, 2018ರಲ್ಲಿ ಎಎಂಡಿ ಕಂಪನಿಯೇ ಬಯಾಸ್ ಹೊಸದು ಮಾಡಿಕೊಳ್ಳಲಿ ಎಂದು ಗ್ರಾಹಕರಿಗೆ ಪ್ರೊಸೆಸರನ್ನು ಎರವಲು ಕೊಡುವ ವ್ಯವಸ್ಥೆ ಮಾಡಿತ್ತು. ಈಗ ಅನೇಕ ಬೋರ್ಡುಗಳ ಹಿಂಭಾಗದಲ್ಲಿ ಇದಕ್ಕೆಂದೇ ಒಂದು ಬಟನ್ ಇರುತ್ತದೆ, ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಬಹುದು. ನೆನಪಿಡಿ: ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ನಿಜವಾಗಿಯೂ ಹೋಗಬಹುದು. ಲೋಡ್ ಶೆಡ್ಡಿಂಗ್ ಊರಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಈಚಿನ ಎಷ್ಟೋ ಬೋರ್ಡುಗಳ ಮೇಲೆ ನಾಲ್ಕು ಪುಟಾಣಿ ಲೈಟು ಇರುತ್ತವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಯಾವುದರ ಪಕ್ಕದ ಲೈಟು ಹತ್ತಿ ನಿಂತಿದೆಯೋ ಅಲ್ಲೇ ಮಷೀನ್ ಸಿಕ್ಕಿಕೊಂಡಿದೆ. ಆ ಲೈಟಿನ ಫೋಟೋ ತೆಗೆದಿಡಿ, ಕೆಲಸಕ್ಕೆ ಬರುತ್ತದೆ.

ಅಕ್ಷರ ಬಂತು, ವಿಂಡೋಸ್ ಬರಲಿಲ್ಲ

ಇದು ಕಾಯಿಲೆಯೇ ಅಲ್ಲ. ಹೊಸ ಎಸ್‌ಎಸ್‌ಡಿ ಎಂದರೆ ಖಾಲಿ ಮನೆ. ಅದರೊಳಗೆ ವಿಂಡೋಸ್ ತಾನಾಗಿ ಬಂದಿರುವುದಿಲ್ಲ. ಪೆನ್‌ಡ್ರೈವ್‌ನಿಂದ ವಿಂಡೋಸ್ ಅಥವಾ ದುಡ್ಡು ಕೊಡಬೇಕಿಲ್ಲದ ಉಬುಂಟು ಥರದ ಲಿನಕ್ಸ್ ಹಾಕಿಕೊಳ್ಳಬೇಕು. ಎಸ್‌ಎಸ್‌ಡಿ ಕಾಣಿಸುತ್ತಲೇ ಇಲ್ಲ ಎಂದರೆ ಮಾತ್ರ ಅದು ಸರಿಯಾಗಿ ಕೂತಿದೆಯಾ, ನಿಮ್ಮ ಬೋರ್ಡಿನ ಆ ಸ್ಲಾಟು ಅದೇ ಬಗೆಯ ಎಸ್‌ಎಸ್‌ಡಿಗೆ ಹೊಂದುತ್ತದೆಯಾ ನೋಡಿ.

ಎಲ್ಲಕ್ಕೂ ಒಂದೇ ಸೂತ್ರ

ಮೇಲಿನದೆಲ್ಲ ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಿ. ಮಷೀನನ್ನು ಕಡಿಮೆ ಮಾಡಿ. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದರದೇ ರಟ್ಟಿನ ಡಬ್ಬದ ಮೇಲಿಡಿ. ಪ್ರೊಸೆಸರ್, ಅದರ ಕೂಲರ್, ಒಂದೇ ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರ್. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಮಾತ್ರ ಕಾರ್ಡ್. ಹಾರ್ಡ್ ಡಿಸ್ಕ್, ಬಣ್ಣದ ಲೈಟು, ಯುಎಸ್‌ಬಿ ಸಾಮಾನು ಎಲ್ಲ ಪಕ್ಕಕ್ಕೆ. ಇಷ್ಟರಲ್ಲಿ ಪರದೆ ಬಂದರೆ ಒಂದೊಂದೇ ಭಾಗ ಸೇರಿಸುತ್ತ ಬನ್ನಿ. ಯಾವುದು ಸೇರಿಸಿದಾಗ ನಿಂತಿತೋ ಅದೇ ಕಳ್ಳ.

ಇಷ್ಟಕ್ಕೂ ಪರದೆ ಬಾರದಿದ್ದರೆ ಪ್ಲಗ್ ತೆಗೆದು, ಬೋರ್ಡಿನ ಮೇಲಿರುವ ರೂಪಾಯಿ ನಾಣ್ಯದಂಥ ಸಿಆರ್2032 ಸೆಲ್ಲನ್ನು ಐದು ನಿಮಿಷ ತೆಗೆದಿಟ್ಟು ವಾಪಸ್ ಹಾಕಿ. ಬೋರ್ಡಿನ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಬರುತ್ತದೆ. ಆಮೇಲೆ ಗೆಳೆಯರ ಹತ್ತಿರ ಇದೇ ಬಗೆಯ ರ‍್ಯಾಮ್ ಅಥವಾ ಎಸ್‌ಎಂಪಿಎಸ್ ಇದ್ದರೆ ಒಂದೊಂದನ್ನೇ ಬದಲಿಸಿ ನೋಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನು ಒಟ್ಟಿಗೆ ಬದಲಿಸಿ ಮಷೀನ್ ಎದ್ದರೂ ಯಾವುದರಿಂದ ಎದ್ದಿತು ಎಂದು ತಿಳಿಯುವುದಿಲ್ಲ. ಮಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ.

ಪ್ರತಿ ಸಲ ಕೈ ಹಾಕುವ ಮುಂಚೆ ಪ್ಲಗ್ ಕೀಳಿ, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟು ಇಳಿಸಿ, ಕ್ಯಾಬಿನೆಟ್ಟಿನ ಬರಿ ಕಬ್ಬಿಣ ಮುಟ್ಟಿ. ಬೇಸಿಗೆಯ ಒಣಹವೆಯಲ್ಲಿ ಪ್ಲಾಸ್ಟಿಕ್ ಚಾಪೆಯ ಮೇಲೆ ಕೂತು ಈ ಕೆಲಸ ಬೇಡ. ಡಬ್ಬಿ ಮುಟ್ಟಿದರೆ 'ಚುರ್' ಎನ್ನುತ್ತದೆಯೇ? ಬಹುಪಾಲು ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ ಎಂದರ್ಥ. ಅದನ್ನು ವೈರಿಂಗ್ ಮಾಡುವವರಿಂದ ಸರಿ ಮಾಡಿಸಿ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಸುಟ್ಟ ವಾಸನೆ ಬಂದರೆ, ಪ್ರೊಸೆಸರ್ ಕೂರುವ ಜಾಗದ ಪಿನ್ ಬಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಬಾಗಿದ ಪಿನ್ನನ್ನು ಕಂಪನಿಗಳು ವಾರಂಟಿಗೆ ಸೇರಿಸುವುದಿಲ್ಲ, ನೀವು ನೆಟ್ಟಗೆ ಮಾಡಲು ಹೋಗಿ ಮುರಿದರೆ ಇನ್ನೂ ಕಷ್ಟ.

ಆಮೇಲೆ ಅಂಗಡಿಗೆ ಹೋಗಿ, ಆದರೆ ಬೇರೆ ಥರ

ನಾವು ಅಂಗಡಿಯವರ ವಿರುದ್ಧ ಬರೆಯುತ್ತಿಲ್ಲ. ಅವರ ಸಮಯಕ್ಕೂ ಬೆಲೆ ಇದೆ. ನೋಡಿದ್ದಕ್ಕೆ ಫೀಸು ಕೇಳುವುದು ನ್ಯಾಯ. ಬಿಚ್ಚದೆ ಬೋರ್ಡ್ ಬದಲಿಸಿ ಎನ್ನುವುದು ನ್ಯಾಯವಲ್ಲ. "ಆನ್ ಆಗ್ತಿಲ್ಲ ಸಾರ್" ಎಂದು ಹೋಗುವವರಿಗೂ, "ಒಂದೇ ರ‍್ಯಾಮ್ ಹಾಕಿ ನೋಡಿದೆ, 8 ಪಿನ್ ಕೂತಿದೆ, ಸೆಲ್ ತೆಗೆದು ಹಾಕಿದೆ, ಡಿರ‍್ಯಾಮ್ ಲೈಟಿನಲ್ಲೇ ನಿಲ್ಲುತ್ತದೆ, ಫೋಟೋ ಇಲ್ಲಿದೆ" ಎನ್ನುವವರಿಗೂ ಸಿಗುವ ಉತ್ತರ ಬೇರೆ. ಒಳ್ಳೆಯ ಮೆಕ್ಯಾನಿಕ್ಕಿಗೆ ಇಂಥ ಗಿರಾಕಿ ಇಷ್ಟ. ಕೆಟ್ಟವನಿಗೆ ಭಯ.

ಬಿಲ್ ಇಲ್ಲದೆ ಪಾರ್ಟ್ಸ್ ತರಬೇಡಿ. "ಜಿಎಸ್‌ಟಿ ಬೇಡ ಎಂದರೆ ಕಡಿಮೆ ಮಾಡ್ತೀವಿ" ಎಂಬ ಮಾತಿಗೆ ಬಿದ್ದರೆ ನಾಳೆ ವಾರಂಟಿ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಡಬ್ಬಗಳನ್ನು ಇಟ್ಟುಕೊಳ್ಳಿ, ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ. ಡಬ್ಬದಲ್ಲಿ ಬರುವ ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತದೆ.

ವಾರಂಟಿ ಇದ್ದೂ ಓಡಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಕಂಪ್ಯೂಟರ್ ಅದರೊಳಗೇ ಬರುತ್ತದೆ.

ಇದನ್ನು ಯಾರು ಕಲಿಸಬೇಕು?

ನಮ್ಮ ತಾಲೂಕುಗಳ ಕಂಪ್ಯೂಟರ್ ಸೆಂಟರುಗಳಲ್ಲಿ ಆರು ತಿಂಗಳ ಕೋರ್ಸ್ ಮುಗಿಸಿದ ಮಕ್ಕಳನ್ನು ಕೇಳಿ ನೋಡಿ. ಟೈಪಿಂಗ್ ಬರುತ್ತದೆ, ಟೇಬಲ್ ಹಾಕಲು ಬರುತ್ತದೆ. ಡಬ್ಬಿಯ ಪಕ್ಕದ ಬಾಗಿಲು ತೆಗೆದವರು ಅಪರೂಪ. "ಮುಟ್ಟಬೇಡ, ಹಾಳಾಗುತ್ತೆ" ಎನ್ನುವುದೇ ಮೊದಲ ಪಾಠ. ಹೆಣ್ಣುಮಕ್ಕಳಿಗಂತೂ ಆ ಪಾಠ ಇನ್ನೂ ಜೋರಾಗಿ ಆಗುತ್ತದೆ.

ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳಿಗೆ 2018ರಲ್ಲಿ 'ಲಿಟಲ್ ಕೈಟ್ಸ್' ಎಂಬ ಕ್ಲಬ್ ಶುರು ಮಾಡಿದರು. ಅನಿಮೇಷನ್, ಮಲಯಾಳಂ ಟೈಪಿಂಗ್ ಜೊತೆಗೆ ಹಾರ್ಡ್‌ವೇರ್ ಕೂಡ ಅದರ ಕಲಿಕೆಯಲ್ಲಿದೆ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ಹೊಸ ಯೋಜನೆ, ಹೊಸ ಕಟ್ಟಡ ಬೇಕಿಲ್ಲ. ಎಷ್ಟೋ ಶಾಲೆಗಳ ಬೀರು ಪಕ್ಕದಲ್ಲಿ, ಪಂಚಾಯಿತಿಯ ಮೂಲೆಯಲ್ಲಿ ಬಟ್ಟೆ ಮುಚ್ಚಿದ ಕಂಪ್ಯೂಟರುಗಳು ಕೂತಿವೆ. ಅವುಗಳಲ್ಲಿ ಕೆಲವು ನಿಜವಾಗಿ ಸತ್ತಿವೆ, ಕೆಲವಕ್ಕೆ ಬರೀ ರ‍್ಯಾಮ್ ತೆಗೆದು ಒರೆಸಿ ಹಾಕಿದರೆ ಸಾಕು. ಕಲಿಯಲು ಅದಕ್ಕಿಂತ ಒಳ್ಳೆಯ ಸಾಮಾನು ಬೇರೆ ಇಲ್ಲ. ಸತ್ತ ಮಷೀನನ್ನು ಇನ್ನಷ್ಟು ಸಾಯಿಸಲು ಆಗುವುದಿಲ್ಲವಲ್ಲ! ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಶನಿವಾರ ಎರಡು ಗಂಟೆ, ಒಂದು ಸ್ಕ್ರೂಡ್ರೈವರ್, ಒಬ್ಬ ಗೊತ್ತಿರುವವರು. ಊರಿನ ಮೋಟರ್ ವೈಂಡರ್, ವೈರಿಂಗ್ ಮಾಡುವವರನ್ನೂ ಕರೆಯಿರಿ. ಹುಡುಕುವ ಬಗೆ ಅವರಿಗೆ ಗೊತ್ತು, ಪಾರ್ಟ್ಸಿನ ಹೆಸರು ಮಕ್ಕಳಿಗೆ ಗೊತ್ತು. ಆಸ್ತಿ ಸರ್ಕಾರದ್ದಾದ್ದರಿಂದ ಮುಖ್ಯಶಿಕ್ಷಕರ ಅಥವಾ ಪಿಡಿಒ ಅವರ ಅನುಮತಿ ಪಡೆದೇ ಶುರು ಮಾಡಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಒಂದು ವಿಷಯವಾಗಿ ಎತ್ತಿ. ರಸ್ತೆ, ಚರಂಡಿ, ಬೀದಿದೀಪದ ಜೊತೆ ಒಂದು ಸಾಲು ಸೇರಿಸಿ: ಪಂಚಾಯಿತಿ ವ್ಯಾಪ್ತಿಯಲ್ಲಿ ಕೂತಿರುವ ಕೆಟ್ಟ ಕಂಪ್ಯೂಟರುಗಳ ಪಟ್ಟಿ ಮಾಡಿ, ಮಕ್ಕಳಿಗೆ ಬಿಚ್ಚಿ ಕಲಿಯಲು ಕೊಡಿ. ನಿಮ್ಮೂರಿನಲ್ಲಿ ಆ ಪಟ್ಟಿ ಆದರೆ ನಮಗೂ ತಿಳಿಸಿ. ಸ್ಕ್ರೂಡ್ರೈವರ್ ಹಿಡಿದು ನಾವೂ ಬರುತ್ತೇವೆ.